ಮಗಳಿಗೊಂದು ಪತ್ರ: ದಿನಚರಿ ಬರೆದವನ ವರದಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಮಳೆಹಾನಿ ವರದಿಯ ಕರಡು ಓದಿದೆ. ಕಾಗುಣಿತ ತಿದ್ದಿ ಇದರ ಜೊತೆ ಇಟ್ಟಿದ್ದೀನಿ. ‘ಕನ್ನಡ ಎಂ.ಎ. ಮಾಡಿದವಳಿಗೆ ಈ ಲೆಕ್ಕಪತ್ರ ಯಾಕಪ್ಪಾ’ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಆವತ್ತಿನಿಂದ ಜೆಂಗ್ ಗುವೊಫಾನ್ ಅನ್ನುವ ಹಳೆಯ ಚೀನೀ ಅಧಿಕಾರಿ ತಲೆಯಿಂದ ಇಳಿದಿಲ್ಲ. ಚೀನಾದ ಪಾಠ ಮಾಡುವಾಗ ಅವನ ಹೆಸರು ಹೇಳಿ ಮುಂದೆ ಹೋಗಿಬಿಡುತ್ತಿದ್ದೆ. ನಿನಗೆ ನಿಧಾನವಾಗಿ ಹೇಳಬೇಕು.

ಅವನು ಹುನಾನ್ ಪ್ರಾಂತ್ಯದವನು, ಹುಟ್ಟಿದ್ದು 1811ರಲ್ಲಿ. ಎರಡು ಸಲ ನಪಾಸಾಗಿ, 1838ರಲ್ಲಿ ರಾಜಧಾನಿಯ ದೊಡ್ಡ ಪರೀಕ್ಷೆ ಗೆದ್ದು ಹಾನ್‌ಲಿನ್ ಅಕಾಡೆಮಿ, ಅಂದರೆ ಅರಮನೆಯ ವಿದ್ವಾಂಸರ ಕೂಟ, ಸೇರಿದ. ಓದು, ಬರಹ, ಕಡತ ಇಷ್ಟೇ ಅವನ ಲೋಕ. ದಿನಚರಿಯಲ್ಲಿ ತನ್ನನ್ನೇ ಬೈದುಕೊಳ್ಳುತ್ತಿದ್ದ: ಜಾಸ್ತಿ ಮಾತಾಡಿದೆ, ತಡವಾಗಿ ಎದ್ದೆ. 1852ರಲ್ಲಿ ತಾಯಿ ತೀರಿಕೊಂಡರು ಅಂತ ಊರಿಗೆ ಬಂದ. ಅಷ್ಟರಲ್ಲಿ ಅರಸೊತ್ತಿಗೆಯ ವಿರುದ್ಧ ಎದ್ದಿದ್ದ ತೈಪಿಂಗ್ ದಂಗೆ ಹುನಾನಿಗೂ ನುಗ್ಗಿತ್ತು. ಆ ಅಂತರ್ಯುದ್ಧದಲ್ಲಿ ಒಟ್ಟು 2 ಕೋಟಿ ಜನರಾದರೂ ಸತ್ತಿರಬೇಕು ಅಂತ ಅಂದಾಜು. ತಾಯಿಯ ಶೋಕದ ಅವಧಿ ಮುಗಿಯುವ ಮೊದಲೇ ಅರಮನೆಯ ಅಪ್ಪಣೆ ಬಂತು, ಊರಿನವರನ್ನು ಸೇರಿಸಿ ಪಡೆ ಕಟ್ಟು ಅಂತ.

ಯುದ್ಧ ಅವನಿಗೆ ಬರುತ್ತಿರಲಿಲ್ಲ. 1854ರಲ್ಲಿ ಜಿಂಗ್‌ಗಾಂಗ್‌ನಲ್ಲಿ ತಾನೇ ನಿಂತು ನಡೆಸಿದ ಕಾಳಗ ಸೋತು ನದಿಗೆ ಹಾರಿದ. ಜೊತೆಯವರು ಎಳೆದು ಉಳಿಸಿದರು. ಅವನಿಗೆ ಬರುತ್ತಿದ್ದದ್ದು ವ್ಯವಸ್ಥೆ. ಒಬ್ಬೊಬ್ಬ ನಾಯಕ ತನಗೆ ಗೊತ್ತಿರುವವರನ್ನೇ ಆರಿಸಬೇಕು, 500 ಜನರಿಗೆ ಒಂದು ತುಕಡಿ. ಕಾಲಾಳಿಗೆ ತಿಂಗಳಿಗೆ ಸುಮಾರು 4 ಟೇಲ್ (ಆಗಿನ ಚೀನಾದ ಒಂದು ತೂಕ) ಬೆಳ್ಳಿ, ಸರ್ಕಾರಿ ಸೈನಿಕನಿಗಿಂತ ಎಷ್ಟೋ ಜಾಸ್ತಿ. ಖಜಾನೆ ಬರಿದಾಗಿದ್ದರಿಂದ ಸಾಗುವ ಸರಕಿಗೆ ಸುಂಕ ಹಾಕಿ ದುಡ್ಡು ಹೊಂದಿಸಿದ. ನಿನ್ನ ಲೆಕ್ಕಪತ್ರ ಇದೇ ಅಲ್ವಾ?

ಅವನ ಮನೆಯ ಒಂದು ಕಾಗದ ನನಗೆ ತುಂಬಾ ಇಷ್ಟ. 1868ರಲ್ಲಿ ಹೆಣ್ಣುಮಕ್ಕಳಿಗೂ ಸೊಸೆಯರಿಗೂ ದಿನದ ಕೆಲಸದ ಪಟ್ಟಿ ಬರೆದುಕೊಟ್ಟ. ಬೆಳಿಗ್ಗೆ ಅಡುಗೆ, ತಿಂಡಿ. ಆಮೇಲೆ ನೂಲುವುದು. ಮಧ್ಯಾಹ್ನ ಕಸೂತಿ. ಸಂಜೆ ಚಪ್ಪಲಿ, ಬಟ್ಟೆ ಹೊಲಿಯುವುದು. ಅದರಲ್ಲೇ ಬರೆದ: ಅಡುಗೆ ದಿನಾ ನೋಡುತ್ತೇನೆ, ಕಸೂತಿ ಐದು ದಿನಕ್ಕೊಮ್ಮೆ. ತಿಂಗಳಿಗೆ ಗಂಡಸರ ಚಪ್ಪಲಿ ಒಂದು ಜೊತೆ ಆಗಲೇಬೇಕು, ಹೆಂಗಸರದ್ದು ನಾನು ಪರೀಕ್ಷಿಸುವುದಿಲ್ಲ. ಅಷ್ಟು ಹೊತ್ತಿಗೆ ಅವನು ಪ್ರಾಂತ್ಯಗಳನ್ನೇ ಆಳುತ್ತಿದ್ದ ದೊಡ್ಡ ಅಧಿಕಾರಿ! ಆದರೆ ಆ ಪಟ್ಟಿಯಲ್ಲಿ ಓದು ಅನ್ನುವುದೇ ಇಲ್ಲ, ಅದು ನನಗೆ ಚುಚ್ಚುತ್ತದೆ. ಕಿರಿಯ ಮಗಳು ಜಿಫೆನ್ ಮುಪ್ಪಿನಲ್ಲಿ ತನ್ನ ಬದುಕಿನ ಕಥೆ ತಾನೇ ಬರೆದಿಟ್ಟಳು. ಮಗಳಿಗೆ 200 ಟೇಲಿಗಿಂತ ಜಾಸ್ತಿ ಬಳುವಳಿ ಇಲ್ಲ ಅನ್ನುವುದು ಅಪ್ಪನ ಕಟ್ಟುನಿಟ್ಟು. ನಾಲ್ಕನೇ ಮಗಳ ಮದುವೆಯಲ್ಲಿ ಚಿಕ್ಕಪ್ಪ ನಂಬದೆ ಪೆಟ್ಟಿಗೆ ತೆಗೆಸಿ ನೋಡಿದನಂತೆ. ನಿಜ ಅಂತ ಗೊತ್ತಾಗಿ ಮರುಗಿ, ಇನ್ನೂ 400 ಕೊಟ್ಟನಂತೆ.

ಪುಟ್ಟಿ, ಆ ಚಿಕ್ಕಪ್ಪನೇ ಜೆಂಗ್ ಗುವೊಚ್ವಾನ್. 1864ರ ಜುಲೈ 19ರಂದು ನಾನ್‌ಜಿಂಗ್ ಹಿಡಿದದ್ದು ಅವನ ಪಡೆ. ದಂಗೆಕೋರರು ತಮ್ಮ ರಾಜಧಾನಿ ಮಾಡಿಕೊಂಡಿದ್ದ ಊರು ಅದು. ಮೂರು ದಿನದಲ್ಲಿ ಲಕ್ಷಕ್ಕೂ ಹೆಚ್ಚು ದಂಗೆಕೋರರನ್ನು ಕೊಂದೆವು ಅಂತ ಗುವೊಫಾನ್ ಅರಮನೆಗೆ ವರದಿ ಕಳಿಸಿದ. ಅವನದೇ ಕಚೇರಿಯ ಝಾವೊ ಲಿಯೆವೆನ್ ತನ್ನ ದಿನಚರಿಯಲ್ಲಿ ಬರೆದದ್ದು ಬೇರೆ: ಬೀದಿಯಲ್ಲಿ ಬಿದ್ದ ಹೆಣಗಳಲ್ಲಿ ಹೆಚ್ಚಿನವು ಮುದುಕರದ್ದು, ಜೊತೆಗೆ ಎಳೆಯ ಮಕ್ಕಳೂ ಇದ್ದರು. ಮನೆಗಳು ಉರಿದವು, ಹೆಂಗಸರನ್ನು ಎಳೆದೊಯ್ದರು.

ತಡವಾಗಿ ಎದ್ದದ್ದನ್ನೂ ಬರೆದಿಟ್ಟುಕೊಂಡವನು, ಸೈನಿಕರು ರೈತನ ಮನೆಯ ಬಾಗಿಲು ಕೀಳಬಾರದು ಅಂತ ಪದ ಕಟ್ಟಿ ಹಾಡಿಸಿದವನು ಅಂಥ ವರದಿ ಕಳಿಸಿದನಲ್ಲ. ಅವನ ಬಗ್ಗೆ ನನಗಿರುವ ಗೌರವ ಪ್ರತಿ ಸಲವೂ ಇಲ್ಲಿಗೆ ಬಂದು ನಿಂತುಬಿಡುತ್ತದೆ. ತಿಂಗಳೊಳಗೆ ತನ್ನ ಸೇನೆಯನ್ನು ತಾನೇ ವಿಸರ್ಜಿಸಲು ತೊಡಗಿದ, ಅಧಿಕಾರಕ್ಕೆ ಅಂಟಿಕೊಳ್ಳಲಿಲ್ಲ, ಅದು ನಿಜವಾಗಿ ದೊಡ್ಡ ಗುಣ. ಆದರೆ ಆ ಮುದುಕರು ವರದಿಯಲ್ಲಿ ದಂಗೆಕೋರರಾಗಿಯೇ ಉಳಿದುಬಿಟ್ಟರು.

ಹೋದ ವಾರ ಫೋನಿನಲ್ಲಿ ನೀನು ಒಬ್ಬ ಅಜ್ಜಿಯ ವಿಷಯ ಹೇಳಿದ್ದೆ. ಹಿಂಬದಿ ಗೋಡೆ ಕುಸಿದು ಒಲೆ ಮುಚ್ಚಿಹೋಗಿದೆ, ಮನೆಗೆ ಕಾಗದಪತ್ರ ಇಲ್ಲ ಅಂತ. ಕರಡನ್ನು ಎರಡು ಸಲ ಹುಡುಕಿದೆ, ಅವರ ಹೆಸರು ಸಿಗಲಿಲ್ಲ. ಎರಡನೇ ಪುಟದ ಕೊನೆಯಲ್ಲಿ ನಾಲ್ಕು ಸಾಲಿನಷ್ಟು ಜಾಗ ಇದೆ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೀನಿ ನೋಡು.

ನಿನ್ನ
ಅಪ್ಪ