‘ರಾ’ ಎಂದು ನಿಂತುಬಿಟ್ಟವನ ಪತ್ರ

ಪ್ರಿಯ ಗೆಳೆಯಾ,

ಶನಿವಾರ ಸಂಜೆ ಫೋನ್ ಎತ್ತುವುದಿಲ್ಲವೆಂದು ಬೈದಿದ್ದೀಯಲ್ಲ, ಕಾರಣ ಹೇಳುತ್ತೇನೆ, ನಗಬೇಡ. ಗಮಕದ, ಅಂದರೆ ಕಾವ್ಯವನ್ನು ಅರ್ಥ ಕೆಡದಂತೆ ರಾಗವಾಗಿ ಓದುವ ಕಲೆಯ, ತರಗತಿಗೆ ಹೋಗುತ್ತಿದ್ದೇನೆ. ಐವತ್ತೆರಡನೆಯ ವಯಸ್ಸಿನಲ್ಲಿ, ಕುಮಾರವ್ಯಾಸನನ್ನು ಹಾಡಲು. ‘ಹಾಡಲು’ ಎಂದರೆ ನಮ್ಮ ಮೇಷ್ಟರು ಒಪ್ಪುವುದಿಲ್ಲ, ‘ವಾಚನ’ ಎನ್ನಬೇಕು. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯುವುದಕ್ಕೇ ನನಗೆ ಎರಡು ತಿಂಗಳು ಹಿಡಿಯಿತು.

ಗ್ರಂಥಾಲಯದ ಮಹಡಿಯಲ್ಲಿ ಹನ್ನೊಂದು ಮಂದಿ ಕೂರುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಪಿಯುಸಿ ಓದುವ ಹುಡುಗಿಯಿದ್ದಾಳೆ. ಶ್ರುತಿ ಬರುವುದು ಮೊಬೈಲಿನಿಂದ. ಗಂಡಸರಿಗೆ ಹಿಡಿಸುವ ಶ್ರುತಿ ಹೆಂಗಸರಿಗೆ ಪಾತಾಳ, ಅವರದು ನಮಗೆ ಆಕಾಶ. ಹಾಗಾಗಿ ಒಂದು ಗಂಟೆ ಅವರದು, ಒಂದು ಗಂಟೆ ನಮ್ಮದು.

ಮೊದಲ ದಿನವೇ ಗದುಗಿನ ಭಾರತದ ಮೊದಲ ಪದ್ಯ. ‘ಶ್ರೀವನಿತೆಯರಸನೆ ವಿಮಲ ರಾ’ ಎಂದು ಸಾಲು ಮುಗಿಸಿ, ಗಂಭೀರವಾಗಿ ಉಸಿರೆಳೆದುಕೊಂಡೆ. ಮೇಷ್ಟರು ಕನ್ನಡಕದ ಮೇಲಿನಿಂದ ನೋಡಿ, “ರಾ ಎಂದು ಯಾರನ್ನು ಕರೆಯುತ್ತಿದ್ದೀರಿ? ಅವರು ತೆಲುಗಿನವರೇ?” ಎಂದರು. ಹುಡುಗಿ ಕಿಸಕ್ಕೆಂದಳು. ಆ ಪದ ‘ರಾಜೀವ’ ಕಣಯ್ಯಾ! ರಾಜೀವಪೀಠ ಎಂದರೆ ಕಮಲದ ಮೇಲೆ ಕೂತ ಬ್ರಹ್ಮ, ಅವನ ತಂದೆ ವಿಷ್ಣು. ನಾನು ಬ್ರಹ್ಮನ ಆಸನವನ್ನೇ ಎರಡು ತುಂಡು ಮಾಡಿದ್ದೆ.

ತುಂಡು ಮಾಡಿದವನು ಕವಿಯೇ ಎಂಬುದು ಆಮೇಲೆ ತಿಳಿಯಿತು. ಆರು ಸಾಲಿನಲ್ಲೂ ಎರಡನೆಯ ಅಕ್ಷರ ‘ವ’ಕಾರವಾಗಬೇಕು: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಪ್ರಾಸಕ್ಕಾಗಿ ಅವನು ಪದ ಮುರಿಯುತ್ತಾನೆ, ಗಮಕಿ ಅದನ್ನು ಬೆಸೆಯಬೇಕು. ಸಾಲಿನ ತುದಿ ಕಣ್ಣಿಗೆ ಮಾತ್ರ. ಕಿವಿಗೆ ಅರ್ಥ ನಿಂತಲ್ಲಿ ನಿಲುಗಡೆ. ಇಷ್ಟು ತಿಳಿದ ಮೇಲೂ ನಾಲ್ಕನೆಯ ಸಾಲಿನ ‘ಶ್ರವಣ ಸು’ ಹತ್ತಿರ ಮತ್ತೆ ನಿಂತೆ. ‘ಸುಧಾ’ ಪದದ ‘ಧಾ’ ಕೆಳಗಿನ ಸಾಲಿನಲ್ಲಿ ಅನಾಥವಾಗಿ ಕೂತಿತ್ತು.

ಇನ್ನೊಂದು ಪೀಡೆ ನನ್ನ ಬಲಗೈ. ಭಜನೆಯ ಅಭ್ಯಾಸ, ತಾನಾಗಿ ತೊಡೆ ತಟ್ಟುತ್ತದೆ. ಗಮಕಕ್ಕೆ ತಾಳವಿಲ್ಲ. ಈ ಪದ್ಯಗಳ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ ಲೆಕ್ಕವಿಲ್ಲವೆಂದಲ್ಲ: ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆಯ ನಾಲ್ಕು ಸಾಲು, 23 ಮಾತ್ರೆಯ ಎರಡು, ಒಟ್ಟು 102. ಆದರೆ ಆ ಲೆಕ್ಕ ಒಳಗೆ ಹರಿಯಬೇಕು, ಮೇಲೆ ಕುಣಿಯಬಾರದು. ಕೊನೆಗೆ ಮೇಷ್ಟರು ಶ್ರುತಿಯ ಮೊಬೈಲನ್ನು ನನ್ನ ಎರಡೂ ಕೈಗೆ ಕೊಟ್ಟು ಕೂರಿಸಿದರು. ರಾಗದ ವಿಷಯ ಕೇಳಲೇಬೇಡ. ನನಗೆ ಗೊತ್ತಿದ್ದದ್ದು ಮೋಹನ ಒಂದೇ. ದ್ರೌಪದಿ ಅತ್ತರೂ ಮೋಹನ, ಭೀಮ ಗುಡುಗಿದರೂ ಮೋಹನ. ಈಗ ಅಳುವಿಗೆ ಮುಖಾರಿ ಸೇರಿದೆ.

ವಾಚನದ ಜೊತೆಗೆ ವ್ಯಾಖ್ಯಾನವನ್ನೂ ಕಲಿಸುತ್ತಾರೆ. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಕಥೆ ಬಿಡಿಸುವುದು. ನಾನು ‘ಸಂದರ್ಭ ಸಹಿತ ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆದ ಹಾಗೆ ಪದಪದಕ್ಕೂ ಅರ್ಥ ಹೇಳಿದೆ. ಬ್ಯಾಂಕಿನವರು ಆಕಳಿಸಿದರು. ಅದೇ ಪದ್ಯಕ್ಕೆ ಹುಡುಗಿ, “ಉತ್ತರಕುಮಾರ ಅಮ್ಮನ ಕಡೆಯೊಮ್ಮೆ ತಿರುಗಿ ನೋಡಿದ, ಯಾರಾದರೂ ತಡೆಯುತ್ತಾರೇನೋ ಅಂತ” ಎಂದಳು. ಪದ್ಯದಲ್ಲಿ ಅದಿಲ್ಲ. ಆದರೂ ಎಲ್ಲರೂ ನಕ್ಕರು, ಮೇಷ್ಟರೂ ನಕ್ಕರು. ನನಗೆ ಹೊಟ್ಟೆಕಿಚ್ಚಾಯಿತು ಎಂದು ನಿನಗೊಬ್ಬನಿಗೇ ಹೇಳುತ್ತಿದ್ದೇನೆ.

ಕಳೆದ ವಾರ ಗಣಪತಿ ಗುಡಿಯಲ್ಲಿ ವಿರಾಟಪರ್ವ ಓದಿದೆವು. ಉತ್ತರಕುಮಾರನ ಬಡಾಯಿ ನನ್ನ ಪಾಲಿಗೆ ಬಂದಿತ್ತು. ಮನೆಯಲ್ಲಿ ಒಂದು ತಿಂಗಳು ಕೊಚ್ಚಿಕೊಂಡಿದ್ದೆ, ನೆಂಟರನ್ನೂ ಕರೆದಿದ್ದೆ. ಮೂರು ಪದ್ಯ ಚೆನ್ನಾಗಿ ಹೋಯಿತು. ನಾಲ್ಕನೆಯದಕ್ಕೆ ಪುಟ ತಿರುಗಿಸಿದರೆ ಎರಡು ಹಾಳೆ ಒಟ್ಟಿಗೆ ಮಗುಚಿ, ನೇರವಾಗಿ ಕೌರವ ಸೇನೆಯ ಮುಂದೆ ನಿಂತಿದ್ದೆ. ಉತ್ತರನಿಗಾದರೂ ರಥದಿಂದ ಧುಮುಕಿ ಓಡುವ ಅವಕಾಶವಿತ್ತು. ಆಗ ಮುಂದೆ ಕೂತಿದ್ದ ಅಜ್ಜಿಯೊಬ್ಬರು, ಹೂಬತ್ತಿ ಹೊಸೆಯುವುದನ್ನು ನಿಲ್ಲಿಸದೆ, ಮುಂದಿನ ಪದ್ಯದ ಮೊದಲ ಸಾಲು ಮೆಲ್ಲಗೆ ಎತ್ತಿಕೊಟ್ಟರು. ಅವರಿಗೆ ಓದು ಬರುವುದಿಲ್ಲವಂತೆ. ಚಿಕ್ಕಂದಿನಲ್ಲಿ ಅವರಪ್ಪ ಮಳೆಗಾಗಿ ಊರ ಚಾವಡಿಯಲ್ಲಿ ವಿರಾಟಪರ್ವ ಓದಿಸುತ್ತಿದ್ದರಂತೆ, ಕೇಳಿ ಕೇಳಿ ಬಂದದ್ದು. ಸಾಲಿನ ತುದಿಯಲ್ಲಿ ಅವರು ನಿಲ್ಲಲಿಲ್ಲ, ಗಮನಿಸಿದೆ. ಅಂದು ರಾತ್ರಿ ಮಳೆಯೂ ಬಂತು, ಆಷಾಢವಾದ್ದರಿಂದ ಕೀರ್ತಿ ನನಗೆ ಬೇಡ.

ನೀನು ಶಿವಮೊಗ್ಗದವನಾಗಿ ಹೊಸಹಳ್ಳಿಗೆ ಒಮ್ಮೆಯೂ ಹೋಗಿಲ್ಲವೆಂದರೆ ಹೇಗೋ? ತುಂಗೆಯ ಈಚೆ ಮತ್ತೂರು, ಆಚೆ ಗಮಕದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಕೇಶವಮೂರ್ತಿಯವರ ಊರು. ದೀಪಾವಳಿಗೆ ಬರುತ್ತೇನೆ, ಇಬ್ಬರೂ ಹೋಗೋಣ. ಹಾಗೆಯೇ ನಿಮ್ಮ ಮನೆಯ ಜಗುಲಿಯಲ್ಲಿ ಒಂದು ಸಂಜೆ ಉತ್ತರನ ಬಡಾಯಿ ಓದುತ್ತೇನೆ. ವ್ಯಾಖ್ಯಾನ ನಿನ್ನದು. ಬಡಾಯಿಯ ಬಗ್ಗೆ ನಿನಗೆ ಬೇರೆ ತಯಾರಿ ಬೇಕಿಲ್ಲ.

ಇಂತಿ,
ನಿನ್ನ ಗೆಳೆಯ