ಹೊಟ್ಟೆನೋವಿನ ನೆಪ

ಪ್ರೀತಿಯ ಪುಟ್ಟಿ,

ಅಮೆರಿಕ-ಚೀನಾ ಸಂಬಂಧದ ಬಗ್ಗೆ ನೀನು ಬರೆದ ಸೆಮಿನಾರ್ ಪೇಪರನ್ನು ಪ್ರಿಂಟ್ ಹಾಕಿಸಿಕೊಂಡು ಬನ್ನಿ ಅಂತ ನಿನ್ನಪ್ಪನನ್ನು ಅಂಗಡಿಗೆ ಓಡಿಸಿದ್ದೆ. ಮೊಬೈಲಿನಲ್ಲಿ ಓದಲು ನನಗೀಗ ಕಣ್ಣು ಸಾಲದು. ಹದಿನಾಲ್ಕು ಹಾಳೆ. ಓದಿದೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪೇಪರ್ ಶುರುವಾಗುವುದು 1972ರ ಫೆಬ್ರವರಿ 21ರಿಂದ. ಬೀಜಿಂಗ್ ವಿಮಾನ ನಿಲ್ದಾಣ, ಕೈ ಚಾಚಿಕೊಂಡೇ ಬರುವ ಅಮೆರಿಕದ ಅಧ್ಯಕ್ಷ ನಿಕ್ಸನ್, ಎದುರಿಗೆ ಚೀನಾದ ಪ್ರಧಾನಿ ಚೌ ಎನ್‌ಲಾಯ್. 1954ರಲ್ಲಿ ಜಿನೀವಾದಲ್ಲಿ ಅಮೆರಿಕದ ವಿದೇಶಾಂಗ ಸಚಿವ ಡಲ್ಲೆಸ್ ಇದೇ ಚೌಗೆ ಕೈ ಕೊಡಲಿಲ್ಲ ಅನ್ನುವ ಕಥೆಯನ್ನೂ ಸೇರಿಸಿದ್ದೀಯ. ಚೆನ್ನಾಗಿದೆ. ಆದರೆ ಅದು ಮದುವೆಮನೆಯ ಫೋಟೊ ಕಣೇ. ಹೆಣ್ಣು ನೋಡಲು ಯಾರು ಯಾವ ದಾರಿಯಲ್ಲಿ ಹೋದರು, ಮಧ್ಯಸ್ಥಿಕೆ ಯಾರದು, ಅವರಿಗೆ ಸಂದದ್ದೇನು, ಇದ್ಯಾವುದೂ ಫೋಟೊದಲ್ಲಿ ಬೀಳುವುದಿಲ್ಲ.

ನಾನಾಗಿದ್ದರೆ 1971ರ ಜುಲೈನಿಂದ ಶುರು ಮಾಡುತ್ತಿದ್ದೆ. ನಿಕ್ಸನ್ನರ ಭದ್ರತಾ ಸಲಹೆಗಾರ ಕಿಸಿಂಜರ್ ದೆಹಲಿಗೆ ಬಂದು, ಅಲ್ಲಿಂದ ಪಾಕಿಸ್ತಾನಕ್ಕೆ ಹೋದರು. ಸಾಹೇಬರಿಗೆ ಹೊಟ್ಟೆ ಕೆಟ್ಟಿದೆ, ನಥಿಯಾಗಲಿಯ ತಂಪಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ ಎಂದು ಸುದ್ದಿ ಬಿಟ್ಟರು. ನಂಬಿಕೆ ಬರಲಿ ಎಂದು ಕಾರುಗಳ ಸಾಲೊಂದು ಬೆಟ್ಟ ಹತ್ತಿಯೂ ಹತ್ತಿತು. ಅಸಲಿ ಮನುಷ್ಯ 9ನೇ ತಾರೀಕು ಬೆಳಗಿನ ಜಾವವೇ ರಾವಲ್ಪಿಂಡಿಯಿಂದ ಪಾಕಿಸ್ತಾನಿ ವಿಮಾನದಲ್ಲಿ ಬೀಜಿಂಗಿಗೆ ಹಾರಿಯಾಗಿತ್ತು. ಅವಸರದಲ್ಲಿ ಬದಲಿ ಅಂಗಿಗಳನ್ನು ಮರೆತಿದ್ದರು. ಜೊತೆಗಿದ್ದ ಎತ್ತರದ ಅಧಿಕಾರಿಯೊಬ್ಬರ ಅಂಗಿಯನ್ನು ಎರವಲು ತೊಟ್ಟುಕೊಂಡರು. ಅದರ ಕಾಲರಿನ ಪಟ್ಟಿಯಲ್ಲಿ ಇದ್ದದ್ದು ‘ಮೇಡ್ ಇನ್ ತೈವಾನ್’! ಚೀನಾ ತನ್ನದೆನ್ನುವ ತೈವಾನನ್ನು ಹೇಗೆ ಪಕ್ಕಕ್ಕೆ ಸರಿಸಬೇಕೆಂದು ಮಾತಾಡಲು ಹೊರಟವರ ಮೈಮೇಲೆ ತೈವಾನಿನದೇ ಅಂಗಿ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಈಗ ಮಧ್ಯಸ್ಥನ ವಿಷಯಕ್ಕೆ ಬರುತ್ತೇನೆ. ಆತ ಪಾಕಿಸ್ತಾನದ ಅಧ್ಯಕ್ಷ ಜನರಲ್ ಯಾಹ್ಯಾ ಖಾನ್. ವಾಷಿಂಗ್ಟನ್ನಿನಿಂದ ಬೀಜಿಂಗಿಗೆ, ಬೀಜಿಂಗಿನಿಂದ ವಾಷಿಂಗ್ಟನ್ನಿಗೆ ಗುಟ್ಟಿನ ಸಂದೇಶಗಳು ಹೋಗಿಬರುತ್ತಿದ್ದದ್ದು ಅವನ ಮೂಲಕ. ಅದೇ ವರ್ಷದ ಮಾರ್ಚ್ 25ರ ರಾತ್ರಿ ಅವನ ಸೈನ್ಯ ಆಗ ಪೂರ್ವ ಪಾಕಿಸ್ತಾನದಲ್ಲಿದ್ದ ಢಾಕಾದಲ್ಲಿ ತನ್ನ ಜನರ ಮೇಲೆಯೇ ಗುಂಡು ಹಾರಿಸಲು ತೊಡಗಿತು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು ಏಪ್ರಿಲ್ 6ರಂದು ತಂತಿ ಕಳಿಸಿ, ತಮ್ಮ ಸರ್ಕಾರ ಬಾಯಿಮುಚ್ಚಿಕೊಂಡಿರುವುದು ನೈತಿಕ ದಿವಾಳಿತನ ಎಂದು ಬರೆದರು. ಬ್ಲಡ್ ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಲಾಯಿತು. ಏಪ್ರಿಲ್ ಕೊನೆಯ ಒಂದು ಟಿಪ್ಪಣಿಯ ಅಡಿಯಲ್ಲಿ ನಿಕ್ಸನ್ ತಮ್ಮ ಕೈಬರಹದಲ್ಲೇ, ಸದ್ಯಕ್ಕೆ ಯಾಹ್ಯಾನನ್ನು ಹಿಂಡಬೇಡಿ ಎಂದು ಎಲ್ಲರಿಗೂ ಸೂಚಿಸಿದರು. ‘ಬೇಡಿ’ ಅನ್ನುವುದರ ಕೆಳಗೆ ಗೆರೆಯ ಮೇಲೆ ಗೆರೆ ಎಳೆದರು. ಆ ಹೊತ್ತಿಗೆ ನಿರಾಶ್ರಿತರು ಗಡಿ ದಾಟಿ ನಮ್ಮ ಕಡೆಗೆ ಬರುತ್ತಲೇ ಇದ್ದರು. ವರ್ಷ ಮುಗಿಯುವಷ್ಟರಲ್ಲಿ ಅವರ ಸಂಖ್ಯೆ ಸುಮಾರು ಒಂದು ಕೋಟಿ. ಈ ಗೆರೆಗಳಿಗೆ ನಿನ್ನ ಹದಿನಾಲ್ಕು ಪುಟದಲ್ಲಿ ಸಿಕ್ಕ ಜಾಗ ಒಂದು ಅಡಿಟಿಪ್ಪಣಿ. ಅದೇ ನನ್ನ ತಕರಾರು.

ಜುಲೈ 15ರಂದು ನಿಕ್ಸನ್ ಟೀವಿಯಲ್ಲಿ ಬಂದು, ತಾನು ಚೀನಾಕ್ಕೆ ಹೋಗುವುದಾಗಿ ಸಾರಿದರು. ಜಪಾನಿನಂಥ ಆಪ್ತ ದೇಶಕ್ಕೂ ಗೊತ್ತಾದದ್ದು ಕೊನೇ ಗಳಿಗೆಯಲ್ಲಿ. ತಿಂಗಳು ತುಂಬುವ ಮೊದಲೇ, ಆಗಸ್ಟ್ 9ರಂದು, ದೆಹಲಿಯಲ್ಲಿ ನಮ್ಮ ವಿದೇಶಾಂಗ ಸಚಿವ ಸ್ವರಣ್ ಸಿಂಗ್ ಮತ್ತು ಸೋವಿಯತ್ ರಷ್ಯಾದ ವಿದೇಶಾಂಗ ಸಚಿವ ಗ್ರೊಮಿಕೊ ಇಪ್ಪತ್ತು ವರ್ಷದ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದರು. ಆ ಮಾತುಕತೆ ಹಿಂದಿನಿಂದಲೇ ನಡೆದಿತ್ತು, ನಿಜ. ಆದರೆ ಅಮೆರಿಕ, ಚೀನಾ, ಪಾಕಿಸ್ತಾನ ಮೂರೂ ಒಂದೇ ಜಗಲಿಯಲ್ಲಿ ಕೂತದ್ದನ್ನು ಕಂಡ ಮೇಲೆ ಇಂದಿರಾ ಗಾಂಧಿ ಅದನ್ನು ತಡಮಾಡುವ ಪ್ರಶ್ನೆಯೇ ಇರಲಿಲ್ಲ.

ಆ ಡಿಸೆಂಬರಿನಲ್ಲಿ, ಪಾಕಿಸ್ತಾನದೊಂದಿಗೆ ಯುದ್ಧ ನಡೆದಾಗ, ನನಗೆ ಹತ್ತು ವರ್ಷ. ನಿನ್ನಜ್ಜ ರೇಡಿಯೊವನ್ನು ಜಗಲಿಯ ಕಟ್ಟೆಯ ಮೇಲಿಟ್ಟು ದೆಹಲಿಯ ಕನ್ನಡ ವಾರ್ತೆ ಹಾಕುತ್ತಿದ್ದರು. ಕೇರಿಯ ಅರ್ಧ ಜನ ಅಲ್ಲೇ. ಒಂದು ಸಂಜೆ ಯಾರೋ, “ಏಳನೇ ನೌಕಾಪಡೆ ಹೊರಟಿದೆಯಂತೆ” ಅಂದರು. ಆರು ಆಗಲೇ ಬಂದು ನಿಂತಿವೆ, ಇದು ಏಳನೆಯದು ಅಂದುಕೊಂಡು ನಾನು ರಾತ್ರಿಯಿಡೀ ಅಜ್ಜಿಯ ಸೆರಗು ಬಿಡಲಿಲ್ಲ. ಅದು ಅಮೆರಿಕದ ಒಂದು ನೌಕಾಪಡೆಯ ಹೆಸರು, ಬಂಗಾಳ ಕೊಲ್ಲಿಯತ್ತ ಹೊರಟಿದ್ದದ್ದು ಅದರ ಎಂಟರ್‌ಪ್ರೈಸ್ ಎಂಬ ಅಣುಚಾಲಿತ ವಿಮಾನವಾಹಕ ಹಡಗಿನ ಪಡೆ ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅದರಿಂದ ಏನೂ ಆಗಲಿಲ್ಲ, 16ಕ್ಕೆ ಢಾಕಾ ಶರಣಾಯಿತು. ಚೀನಾದ ಕಣ್ಣಿಗೆ ತಾವು ಗಟ್ಟಿ ಸ್ನೇಹಿತರಾಗಿ ಕಾಣಬೇಕೆಂಬ ಅಮೆರಿಕದವರ ಲೆಕ್ಕವೂ ಆ ಹಡಗಿನಲ್ಲಿತ್ತು.

ನಿಕ್ಸನ್ನರ ಲೆಕ್ಕಾಚಾರವನ್ನು ನಾನು ಹಗುರ ಮಾಡುತ್ತಿಲ್ಲ. 1969ರಲ್ಲಿ ಗಡಿಯ ಉಸ್ಸೂರಿ ನದಿಯ ಒಂದು ದ್ವೀಪಕ್ಕಾಗಿ ರಷ್ಯಾ, ಚೀನಾ ಸೈನಿಕರು ಗುಂಡಿಗೆ ಗುಂಡು ಹೊಡೆದುಕೊಂಡಿದ್ದರು. ಆ ಬಿರುಕಿನಲ್ಲಿ ಕೈ ಹಾಕಿದ್ದು ಚಾಣಾಕ್ಷತನವೇ. ಬೀಜಿಂಗಿಗೆ ಹೋಗಿಬಂದ ಮೂರೇ ತಿಂಗಳಲ್ಲಿ, 1972ರ ಮೇನಲ್ಲಿ, ಮಾಸ್ಕೋದಲ್ಲಿ ಕ್ಷಿಪಣಿ ಮಿತಿಯ ಒಪ್ಪಂದಗಳೂ ಆದವು. ನೀನು ಇದನ್ನೆಲ್ಲ ನನಗಿಂತ ಚೆನ್ನಾಗಿ ಬರೆದಿದ್ದೀಯ.

ಆಮೇಲಿನ ಕಥೆಯನ್ನು ಎಳೆದಿದ್ದೀಯ, ಕತ್ತರಿಸು. 2001ರಲ್ಲಿ ಚೀನಾವನ್ನು ವಿಶ್ವ ವ್ಯಾಪಾರ ಸಂಸ್ಥೆಯೊಳಕ್ಕೆ ಬಿಟ್ಟುಕೊಂಡ ಅಮೆರಿಕದವರೇ 2018ರಲ್ಲಿ ಸುಂಕ ಹೇರಿದರು, 2022ರ ಅಕ್ಟೋಬರಿನಲ್ಲಿ ಉನ್ನತ ಚಿಪ್‌ಗಳು ಅಲ್ಲಿಗೆ ಹೋಗದಂತೆ ಬಾಗಿಲು ಹಾಕಿದರು. ಇಷ್ಟು ಸಾಕು. ಬದಲಿಗೆ 2023ರ ಜುಲೈ ಸೇರಿಸು. ನೂರು ತುಂಬಿದ ಕಿಸಿಂಜರ್ ಮತ್ತೆ ಬೀಜಿಂಗಿಗೆ ಹೋದರು. ಅಮೆರಿಕದ ರಕ್ಷಣಾ ಸಚಿವರನ್ನು ಅಧಿಕೃತವಾಗಿ ಭೇಟಿಯಾಗಲು ಒಲ್ಲೆನೆಂದಿದ್ದ ಚೀನಾದ ರಕ್ಷಣಾ ಸಚಿವ ಈ ಮುದುಕರನ್ನು ಕಂಡರು. ಷಿ ಜಿನ್‌ಪಿಂಗ್ ಕಿಸಿಂಜರರನ್ನು ಬರಮಾಡಿಕೊಂಡದ್ದು ದಿಯಾವ್ಯುಟಾಯ್ ಅತಿಥಿಗೃಹದ 5ನೇ ವಿಲ್ಲಾದಲ್ಲಿ. 1971ರಲ್ಲಿ ಎರವಲು ಅಂಗಿ ತೊಟ್ಟುಕೊಂಡು ಚೌ ಎನ್‌ಲಾಯ್ ಎದುರು ಕೂತಿದ್ದದ್ದೂ ಅಲ್ಲೇ. 2023ರ ನವೆಂಬರಿನಲ್ಲಿ ಕಿಸಿಂಜರ್ ತೀರಿಕೊಂಡರು.

ಮೊದಲ ಪುಟ ತಿದ್ದಿ ಕಳಿಸು. ನಿಂಬೆ ಉಪ್ಪಿನಕಾಯಿ ಪಕ್ಕದ ಮನೆಯವರ ಕೈಯಲ್ಲಿ ದೆಹಲಿಗೆ ಬರುತ್ತಿದೆ. ಹೊತ್ತುಕೊಂಡು ಬರುವವರಿಗೂ ಒಂದು ಡಬ್ಬಿ ಕೊಟ್ಟಿದ್ದೇನೆ.

ನಿನ್ನ
ಅಮ್ಮ