ವಿಷಯ: ನನ್ನ ಗಾಡಿಯಲ್ಲಿ ಇಲ್ಲದ ಬೆಲ್ಟಿನ ಕಾರಣಕ್ಕೆ ನೀವು ತಳ್ಳಿಹಾಕಿದ ವಾರಂಟಿ ಕ್ಲೇಮು

ಕ್ಲೇಮು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಇದಕ್ಕೆ ಮೊದಲು 11 ಸಲ ಫೋನ್ ಮಾಡಿದ್ದೇನೆ, 4 ಮೇಲ್ ಕಳಿಸಿದ್ದೇನೆ. ಎಲ್ಲದರಲ್ಲೂ 'ದಯವಿಟ್ಟು' ಇತ್ತು. ಇದರಲ್ಲಿ ಹುಡುಕಬೇಡಿ.

ನಾನು ಸೆಕೆಂಡ್ ಹ್ಯಾಂಡ್ ಕಾರು ಕೊಂಡು 14 ತಿಂಗಳಾಯಿತು. ಆಗ ಅದು 52,300 ಕಿ.ಮೀ. ಓಡಿತ್ತು. ನಿಮ್ಮವರೇ ಬಂದು ನೋಡಿ, ಇಂಜಿನ್ ಸ್ಟಾರ್ಟ್ ಮಾಡಿಸಿ, ಕಿವಿಗೊಟ್ಟು ಕೇಳಿ, 'ಇಂಜಿನ್ ಶಬ್ದ: ಸರಿಯಿದೆ' ಎಂದು ಸೀಲು ಹಾಕಿ ಕೊಟ್ಟ ಮೇಲೆ 2 ವರ್ಷದ ವಾರಂಟಿಗೆ ದುಡ್ಡು ಕಟ್ಟಿದೆ. 61,240 ಕಿ.ಮೀ.ಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು. ಆಮೇಲೆ ಇಂಜಿನ್ ದೀಪ ಹತ್ತಿತು. ಕೋಡ್ ಪಿ0016, ಅಂದರೆ ಇಂಜಿನ್ ಒಳಗೆ ಜೊತೆಯಾಗಿ ತಿರುಗಬೇಕಾದ ಎರಡು ದಂಡಗಳಿಗೆ, ಕ್ರ್ಯಾಂಕ್‌ಗೂ ಕ್ಯಾಮ್‌ಗೂ, ತಾಳ ತಪ್ಪಿದೆ. ನಿಮ್ಮ ಲಿಖಿತ ಒಪ್ಪಿಗೆ ಬಂದ ಮೇಲೆಯೇ ಕವರ್ ಬಿಚ್ಚಿದ್ದು. ಆ ಎರಡನ್ನೂ ಜೋಡಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಕಚ್ಚಿಕೊಂಡಿತ್ತು, ಅದನ್ನು ದಾರಿಯಲ್ಲಿಡುವ ಗೈಡ್ ಮುರಿದಿತ್ತು.

ನಿಮ್ಮ ಮೊದಲ ಉತ್ತರ: 'ಸಹಜ ಸವೆತ, ವಾರಂಟಿ ಅನ್ವಯಿಸುವುದಿಲ್ಲ.' ನಿಮ್ಮ ವಾರಂಟಿ ಪತ್ರದ ಕಲಮು 4ರಲ್ಲಿ ಚೈನ್, ಟೆನ್ಷನರ್, ಗೈಡ್ ಮೂರರ ಹೆಸರೂ ಇದೆ. ಸವೆತದ ಪಟ್ಟಿ ಇರುವುದು ಕಲಮು 9ರಲ್ಲಿ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರ್, ಅಷ್ಟೇ. ಬರೆದವರು ನೀವು, ನಿಮಗೆ ಗೊತ್ತೇ ಇರುತ್ತದೆ.

ಎರಡನೇ ಉತ್ತರ ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ. 'ಟೈಮಿಂಗ್ ಬೆಲ್ಟ್ ನಿಗದಿತ ಸಮಯಕ್ಕೆ ಬದಲಾಯಿಸಿಲ್ಲ.' ತಪ್ಪಾಗಿ ಟೈಪ್ ಆಗಿರಬೇಕು ಅಂದುಕೊಂಡು ಫೋನ್ ಮಾಡಿದೆ. ನಾನು ಗ್ಯಾರೇಜಿನಲ್ಲೇ ನಿಂತಿದ್ದೆ, ಸ್ಪೀಕರ್ ಆನ್ ಇತ್ತು.

"ಬೆಲ್ಟ್ ಬದಲಾಯಿಸಿದ ಬಿಲ್ ಕಳಿಸಿ ಮೇಡಂ."

"ಈ ಗಾಡಿಯಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ. ಚೈನ್ ಇದೆ."

"ಎಲ್ಲಾ ಗಾಡಿಯಲ್ಲೂ ಬೆಲ್ಟ್ ಇರುತ್ತೆ ಮೇಡಂ. ಇದರ ಬಗ್ಗೆ ಗೊತ್ತಿರೋರು ಮನೇಲಿ ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡ್ತೀರಾ?"

ಮನೆಯಲ್ಲಿ ಈ ಗಾಡಿ ಓಡಿಸುವವಳು ನಾನು, ಸರ್ವಿಸ್ ಮಾಡಿಸುವವಳು ನಾನು. ಕಂಪನಿ ಕೊಟ್ಟ ಪುಸ್ತಕ ಕೈಯಲ್ಲೇ ಇತ್ತು, ಓದಿ ಹೇಳಿದೆ. ಬೆಲ್ಟ್ ರಬ್ಬರಿನದು, ಅದನ್ನು ಇಷ್ಟು ಕಿಲೋಮೀಟರಿಗೆ ಅಂತ ಬದಲಾಯಿಸಬೇಕು. ಚೈನ್ ಲೋಹದ್ದು, ಇಂಜಿನ್ ಆಯಿಲ್‌ನಲ್ಲೇ ಓಡುತ್ತದೆ, ನನ್ನ ಗಾಡಿಯ ಪುಸ್ತಕದಲ್ಲಿ ಅದನ್ನು ಬದಲಾಯಿಸುವ ಲೆಕ್ಕವೇ ಇಲ್ಲ. ಆಯಿಲ್ ಮಾತ್ರ ಸರಿಯಾಗಿ ಬದಲಾಯಿಸಬೇಕು. ಅದರ ಬಿಲ್ಲುಗಳು ನಿಮ್ಮ ಹತ್ತಿರವೇ ಇವೆ. ಅವರು "ಒಂದು ನಿಮಿಷ" ಅಂದರು. 22 ನಿಮಿಷ ಸಂಗೀತ ಕೇಳಿದೆ. ವಾಪಸ್ ಬಂದು ಹೇಳಿದ್ದು:

"ಸೀನಿಯರ್ ಹತ್ರ ಕೇಳಿದೆ ಮೇಡಂ. ಬೆಲ್ಟ್ ಇಲ್ಲ ಅಂದ್ರೆ ಯಾವಾಗ ತೆಗೆಸಿದ್ರಿ? ತೆಗೆಸಿದ್ದಕ್ಕೆ ಬಿಲ್ ಇರಬೇಕಲ್ವಾ?"

ಗ್ಯಾರೇಜಿನ ಹುಡುಗರು ಪಾನಾ ಕೆಳಗಿಟ್ಟು ನಕ್ಕರು. ಅವರು ನಕ್ಕಿದ್ದು ನಿಮ್ಮನ್ನು ನೋಡಿ, ಆದರೆ ಅಲ್ಲಿ ನಿಂತಿದ್ದವಳು ನಾನು. ನಾನೂ ನಗಬಹುದಿತ್ತು, ಬಿಚ್ಚಿದ ಇಂಜಿನ್ ನನ್ನದಾಗಿರದಿದ್ದರೆ.

ನಿಮ್ಮ ಸೀನಿಯರ್‌ಗೆ ನನ್ನ ಅಭಿನಂದನೆ ತಿಳಿಸಿ. ಇಲ್ಲದ ವಸ್ತುವನ್ನು ತೆಗೆಸಿದ್ದಕ್ಕೆ ಬಿಲ್ ಕೇಳುವ ಬುದ್ಧಿ ಎಲ್ಲರಿಗೂ ಬರುವುದಿಲ್ಲ.

ಮೊನ್ನೆ ಮೂರನೇ ಉತ್ತರ ಬಂದಿದೆ. 'ದೋಷ ವಾರಂಟಿಗೆ ಮೊದಲೇ ಇತ್ತು.' ಬೆಲ್ಟಿನ ಸುದ್ದಿ ಇಲ್ಲ, ಸವೆತವೂ ಮಾಯ. ಮೊದಲೇ ಇತ್ತು ಅಂದರೆ ನಿಮ್ಮ ತಪಾಸಣೆಯವರು ಕೇಳಿಸಿಕೊಂಡಿದ್ದೇನು? ಕೋಡ್ ಬಿದ್ದಾಗ ಗಾಡಿ ಎಷ್ಟು ಓಡಿತ್ತು ಎಂಬುದು ಅದರ ಕಂಪ್ಯೂಟರಿನಲ್ಲೇ ಇದೆ. ಅದರ ಪ್ರಿಂಟ್ ಕಳಿಸಿ 3 ವಾರವಾಯಿತು. ತೆರೆದು ನೋಡಿದ್ದೀರಾ? ಹಳೇ ಗಾಡಿ ಅಂತ ಗೊತ್ತಿದ್ದೇ ಅಲ್ವಾ ವಾರಂಟಿ ಮಾರಿದ್ದು?

ಕಲಮು 6ರ ಪ್ರಕಾರ ನಿರ್ಧಾರಕ್ಕೆ 7 ದಿನ. ಇವತ್ತಿಗೆ 47 ದಿನ. ಗಾಡಿ ಗ್ಯಾರೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿದೆ, ನಾನು ಬಸ್ಸಿಗೆ ಕಾಯುತ್ತಿದ್ದೇನೆ.

ಟೆನ್ಷನರ್, ಗೈಡ್, ಚೈನ್, ಕೂಲಿ ಸೇರಿ ಪೂರ್ತಿ ಬಿಲ್ಲನ್ನು ನೀವು ಕಟ್ಟಬೇಕು. 10 ದಿನ ಕೊಡುತ್ತೇನೆ. ಇಷ್ಟಾದ ಮೇಲೂ ನೀವು ಕಟ್ಟುತ್ತೀರಿ ಎಂಬ ನಂಬಿಕೆ ನನಗಿಲ್ಲ, ಅದಕ್ಕೇ ಗ್ರಾಹಕ ನ್ಯಾಯಾಲಯಕ್ಕೆ ಹಾಕುವ ಅರ್ಜಿ ಬರೆದಿಟ್ಟಿದ್ದೇನೆ. ನಿಮ್ಮ ಮೂರು ಉತ್ತರಗಳನ್ನೂ ಒಂದರ ಪಕ್ಕ ಒಂದು ಅಂಟಿಸಿದ್ದೇನೆ, ಓದುವವರಿಗೆ ಸುಲಭವಾಗಲಿ ಅಂತ. ಪ್ರತಿ ಸಲವೂ 'ಗುಣಮಟ್ಟಕ್ಕಾಗಿ ಈ ಕರೆ ರೆಕಾರ್ಡ್ ಆಗುತ್ತಿದೆ' ಅನ್ನುತ್ತೀರಲ್ಲ, ಆ ರೆಕಾರ್ಡನ್ನು ಅಲ್ಲಿ ಹಾಜರುಪಡಿಸಲು ಕೇಳಿದ್ದೇನೆ. ಪೂರ್ತಿ ಕೇಳಿಸಬೇಕು, 22 ನಿಮಿಷದ ಸಂಗೀತವೂ ಸೇರಿ.

ಇಂತಿ,
ಗಾಡಿಯ ಬಗ್ಗೆ ಗೊತ್ತಿರುವವಳು